ಅಕ್ಕನ ಊರಿನ ಲಾಡ್ಜು

ಲಾಡ್ಜಿನ ದಿಂಬಿಗೆ ತನ್ನದೇ ಆದ ಒಂದು ವಾಸನೆಯಿರುತ್ತದೆ, ಬಲ್ಲಿರಾ? ಕೊಬ್ಬರಿ ಎಣ್ಣೆ, ಬೀಡಿ, ಅಗಸನ ಸೋಡಾ ಎಲ್ಲ ಬೆರೆತು, ನಿಮಗಿಂತ ಮೊದಲು ಅಲ್ಲಿ ತಲೆಯಿಟ್ಟವರ ಚಿಂತೆಗಳೂ ಅದರ ಹತ್ತಿಯೊಳಗೆ ಇಳಿದಿವೆಯೇನೋ ಎನ್ನಿಸುವ ವಾಸನೆ. ನಾನು ಅದರ ಮೇಲೆ ಮನೆಯಿಂದ ತಂದ ಟವೆಲ್ ಹಾಸಿ, ಅದು ನನ್ನದೇ ದಿಂಬೆಂದು ನನ್ನನ್ನು ನಂಬಿಸಿಕೊಂಡು ಮಲಗುತ್ತಿದ್ದೆ. ಅರವತ್ತರ ದಶಕದ ಕೊನೆಯಿಂದ ಕೆಲವು ವರ್ಷ, ಬೆಳೆಗೆ ಔಷಧಿ ಹೊಡೆಯುವ ಯಂತ್ರಗಳನ್ನು ಮಾರುವ ಕಂಪನಿಯೊಂದರಲ್ಲಿ ನಾನು ಪ್ರತಿನಿಧಿಯಾಗಿದ್ದೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ನನ್ನ ಸೀಮೆ. ತಿಂಗಳಲ್ಲಿ ಅರ್ಧ ಬಸ್ಸಿನಲ್ಲೂ ಉಳಿದರ್ಧ ಬಸ್ಸಿಗಾಗಿ ಕಾಯುವುದರಲ್ಲೂ ಕಳೆಯುತ್ತಿತ್ತು.

ಸುಖ ಹೇಳುವ ಮುನ್ನ ಗೋಳು ಹೇಳಿಬಿಡುತ್ತೇನೆ. ಹುಣಸೂರಿನಲ್ಲಿ ನಾನು ಇಳಿಯುತ್ತಿದ್ದ ಲಾಡ್ಜಿನ ಹಿಂದೆಯೇ ಮರ ಕೊಯ್ಯುವ ಮಿಲ್ಲು. ಬೆಳಕು ಹರಿಯುತ್ತಲೇ ಗರಗಸವು ನನ್ನ ಕನಸನ್ನು ಹಲಗೆ ಹಲಗೆಯಾಗಿ ಕೊಯ್ದು ಹಾಕುತ್ತಿತ್ತು. ಪಿರಿಯಾಪಟ್ಟಣದ ಹೋಟೆಲಿನ ಹಿಂದಿನ ಹಜಾರದಲ್ಲಿ ಸಾಲು ಮಂಚಗಳು. ಹೊಗೆಸೊಪ್ಪಿನ ವ್ಯಾಪಾರಿಗಳು, ಕೊಡಗಿನಿಂದ ಕಿತ್ತಳೆ ತಂದವರು, ಗಡಿಯಾಚೆಯ ಮಲಯಾಳಿಗಳು, ನಡುವೆ ನಾನು. ಹಗಲೆಲ್ಲ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗದೆ ಒದ್ದಾಡುತ್ತಿದ್ದೆವು. ಗೊರಕೆಗೆ ಮಾತ್ರ ಅಂಥ ತೊಡಕಿರಲಿಲ್ಲ. ಇನ್ನು ಹೆಗ್ಗಡದೇವನಕೋಟೆಯಲ್ಲಿ ಪ್ರವಾಸಿ ಬಂಗಲೆಯೇ ಗತಿ. ನಾನು ಹಾಸಿಗೆ ಬಿಡಿಸಿ ಇನ್ನೇನು ಕಾಲು ಚಾಚಬೇಕು ಎನ್ನುವಾಗ ಕಾವಲುಗಾರ ಬಾಗಿಲಲ್ಲಿ ನಿಂತು, "ಅಣೆಕಟ್ಟೆ ಸಾಹೇಬ್ರು ಬತ್ತಾರಂತೆ ಸ್ವಾಮಿ, ಒಸಿ ಜಗಲಿಗೆ ಬನ್ನಿ" ಎನ್ನುತ್ತಿದ್ದ. ಸಾಹೇಬರು ಬರುತ್ತಿದ್ದುದು ಅಪರೂಪ. ಬಾರದ ಸಾಹೇಬರಿಗಾಗಿ ಮಂಚ ಖಾಲಿಯಿರುತ್ತಿತ್ತು, ಬಂದ ನಾನು ಜಗಲಿಯಲ್ಲಿರುತ್ತಿದ್ದೆ.

ಇಷ್ಟಾದರೂ ಆ ಕೋಣೆಗಳ ಮೇಲೆ ನನಗೊಂದು ಮೋಹವಿತ್ತೆಂದರೆ ನೀವು ನಗಬಹುದು. ಲಾಡ್ಜಿನ ಸುಖ ಮಂಚದ್ದಲ್ಲ, ಕಾಫಿಯದಂತೂ ಅಲ್ಲವೇ ಅಲ್ಲ. ಅಲ್ಲಿ ನಿಮ್ಮನ್ನು ಯಾರೂ ಏನೂ ಕೇಳುವುದಿಲ್ಲ, ಅದೇ ಸುಖ. ಮನೆಯೆಂಬುದು ಪ್ರಶ್ನೆಗಳ ಗೂಡು. ಉಂಡೆಯಾ, ಯಾಕೆ ಇಷ್ಟೇ ಉಂಡೆ, ಮುಖ ಯಾಕೆ ಬಾಡಿದೆ, ಬಾಡಿಲ್ಲದಿದ್ದರೆ ಯಾಕೆ ಹಾಗೆ ಕಾಣುತ್ತಿದೆ. ಎಲ್ಲವೂ ಪ್ರೀತಿಯ ಪ್ರಶ್ನೆಗಳೇ, ಆದರೆ ಪ್ರೀತಿಗೂ ಉತ್ತರ ಕೊಟ್ಟು ಕೊಟ್ಟು ಮನುಷ್ಯ ದಣಿಯುತ್ತಾನೆ. ಲಾಡ್ಜಿನ ಬಾಗಿಲು ಮುಚ್ಚಿಕೊಂಡವನು ಸ್ವಲ್ಪ ಹೊತ್ತು ಯಾರ ಮಗನೂ ಅಲ್ಲ, ಯಾರ ಗಂಡನೂ ಅಲ್ಲ.

ಈ ಸುಖ ನನಗೆ ನಿಷಿದ್ಧವಾಗಿದ್ದ ಊರು ಒಂದೇ, ಕೃಷ್ಣರಾಜನಗರ. ಅಲ್ಲಿ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ನನ್ನ ಅಕ್ಕನ ಮನೆಯಿತ್ತು. ಭಾವನದು ಗದ್ದೆಯಿದ್ದ ದೊಡ್ಡ ಕುಟುಂಬ. ಅತ್ತೆ, ಮೈದುನರು, ಓರಗಿತ್ತಿಯರು, ಎಲ್ಲರ ಮಕ್ಕಳು. ಹಿರಿ ಸೊಸೆ ನಮ್ಮಕ್ಕ. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಲ್ಲ: ಅಕ್ಕನ ಮನೆಯಿರುವ ಊರಿನಲ್ಲಿ ತಮ್ಮ ಹೋಟೆಲು ಹಿಡಿದನೆಂದರೆ ಮುಖಭಂಗ ಅಕ್ಕನಿಗೆ. ಹೆಣ್ಣಿಗೆ ಗಂಡನ ಮನೆಯಲ್ಲಿ ತಲೆಯೆತ್ತಿ ನಿಲ್ಲಲು ತವರಿನವರು ಬಂದು ಉಂಡು ಮಲಗಿ ಹೋಗುತ್ತಿರಬೇಕು. ಹಾಗಾಗಿ ನಾನು ತಪ್ಪದೆ ಹೋಗಿ, ಮಕ್ಕಳ ಕಾಲುಗಳ ನಡುವೆ ಮಲಗಿ, ಮುದ್ದೆಯ ಮೇಲೆ ಮುದ್ದೆ ನುಂಗಿ, ತಪ್ಪದೆ ಸೋತು ಹಿಂತಿರುಗುತ್ತಿದ್ದೆ.

ಒಂದು ಸಲ, ಉಳಿದ ಮೂರೂ ಊರು ಸುತ್ತಿ ಬಂದಿದ್ದ ನನ್ನಲ್ಲಿ ಆ ಮನೆಯ ಪ್ರೀತಿಯನ್ನು ತಡೆದುಕೊಳ್ಳುವಷ್ಟು ತ್ರಾಣ ಉಳಿದಿರಲಿಲ್ಲ. ಗುಟ್ಟಾಗಿ ಸ್ಟೇಷನ್ನಿನ ಈಚೆಯ ಲಾಡ್ಜೊಂದರಲ್ಲಿ ಇಳಿದೆ. ಬೆಳಿಗ್ಗೆ ಟವೆಲ್ ಒಣಹಾಕಲು ಬಾಲ್ಕನಿಗೆ ಬಂದವನನ್ನು ಕೆಳಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ಭಾವನ ತಮ್ಮ ಕಂಡ. ಸೈಕಲ್ ತಿರುಗಿಸಿಕೊಂಡು ಮನೆಯ ಕಡೆ ಹೋದ.

ಮಧ್ಯಾಹ್ನ ಅಕ್ಕ ಬಂದಳು. ಸಂಸಾರಸ್ಥ ಹೆಂಗಸು ಒಬ್ಬಳೇ ಲಾಡ್ಜಿನ ಮೆಟ್ಟಿಲು ಹತ್ತುವುದೆಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ. ಮ್ಯಾನೇಜರು ಎದ್ದುನಿಂತು ದಾರಿ ಬಿಟ್ಟನಂತೆ. ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತವಳ ಕಣ್ಣುಗಳು ಕೆಂಪಾಗಿದ್ದವು.

"ಮಾನ ಕಳ್ದೆ ಕಣೋ. ನಮ್ಮತ್ತೆ ಏನಂದ್ರು ಗೊತ್ತೇನ್ಲಾ? ತಮ್ಮನೇ ಓಟ್ಲಲ್ಲಿ ಬಿದ್ದವ್ನೆ ಅಂದ್ರೆ ಇವಳಿಗೆ ತವರು ಅನ್ನೋದು ಐತಾ ಅಂದ್ರು. ವಾರಗಿತ್ತೀರ ಮುಂದೆ ಅಂದ್ರು."

ನಾನು ಕಾಫಿ ತರಿಸಿದೆ. ಬೇಡವೆಂದವಳು ಲೋಟ ಎತ್ತಿಕೊಂಡು, ತಾನು ಮಾಡದ ಕಾಫಿಯನ್ನು ಕೂತುಕೊಂಡು ನಿಧಾನವಾಗಿ ಕುಡಿದಳು. ಫ್ಯಾನು ನೋಡಿದಳು. ಕಿಟಕಿಯಾಚೆ ನಿಂತಿದ್ದ ಗೂಡ್ಸ್ ರೈಲು ನೋಡಿದಳು.

"ಇಲ್ಲಿ ನಿನ್ನ ಯಾರೂ ಏನೂ ಕೇಳಕಿಲ್ವಾ?"

"ಇಲ್ಲ ಕಣಕ್ಕ."

"ಉಂಡ್ಯಾ ಅಂತ್ಲೂ?"

"ಅದೂ ಇಲ್ಲ."

ಅವಳು ಲೋಟ ಕೆಳಗಿಟ್ಟು, "ಒಂದ್ ಗಳಿಗೆ ಬೆನ್ನು ಚಾಚ್ತೀನಿ ಬುಡು" ಎಂದು ಮಂಚದ ಅಂಚಿಗೆ ಒರಗಿದಳು. ನಾನು ಲೋಟಗಳನ್ನು ಕಿಟಕಿಯಲ್ಲಿಟ್ಟು ತಿರುಗುವಷ್ಟರಲ್ಲಿ ನಿದ್ದೆ ಹೋಗಿದ್ದಳು.

ಬಾಗಿಲು ಓರೆಮಾಡಿ ಹೊರಗೆ ಬಾಲ್ಕನಿಯಲ್ಲಿ ಕೂತೆ. ಅವಳ ಮದುವೆಯಾದ ಮೇಲೆ ಅವಳು ಮಲಗಿದ್ದನ್ನು ನಾನು ಕಂಡೇ ಇರಲಿಲ್ಲವೆಂದು ಆಗ ಹೊಳೆಯಿತು. ಆ ಮನೆಯಲ್ಲಿ ನಾನು ಏಳುವ ಮೊದಲೇ ಎದ್ದಿರುತ್ತಿದ್ದಳು, ನಾನು ಮಲಗಿದ ಮೇಲೂ ಪಾತ್ರೆಯ ಸದ್ದು ಕೇಳುತ್ತಿತ್ತು. ನನ್ನನ್ನು ದಣಿಸುತ್ತಿದ್ದ ಆ ಪ್ರಶ್ನೆಗಳನ್ನೆಲ್ಲ ಕೇಳಿಕೊಂಡು, ಉತ್ತರ ಕೊಟ್ಟುಕೊಂಡು ವರ್ಷಗಟ್ಟಲೆ ಬದುಕಿದವಳು ಅವಳು. ನನಗಾದರೋ ಕಂಪನಿಯ ಖರ್ಚಿನಲ್ಲಿ ಊರಿಗೊಂದು ಬಾಗಿಲಿತ್ತು, ಅದಕ್ಕೊಂದು ಚಿಲಕವಿತ್ತು.

ರೈಲು ಕೂಗಿದಾಗ ದಡಬಡಿಸಿ ಎದ್ದಳು. "ದನ ಬರೋ ಹೊತ್ತಾಯ್ತಲ್ಲೋ, ಎಬ್ಬಿಸ್ಬಾರ್ದಾ" ಎಂದು ಬಯ್ಯುತ್ತಲೇ ಹಾಸಿಗೆಯ ಸುಕ್ಕು ತೆಗೆದಳು, ಲೋಟ ತೊಳೆದಿಟ್ಟಳು. ಆ ಲಾಡ್ಜು ಕಟ್ಟಿದಂದಿನಿಂದ ಆ ಮಂಚ ಅಷ್ಟು ಒಪ್ಪವಾಗಿ ಇದ್ದಿರಲಾರದು. ನಾನು ಚೀಲ ಹೆಗಲಿಗೇರಿಸಿ ಅವಳ ಹಿಂದೆ ನಡೆದೆ.

ಮನೆಯ ಜಗಲಿಯ ಮೇಲೆ ಅವಳ ಅತ್ತೆ ಕೂತಿದ್ದರು. ಅವರು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು: "ಮೈ ಕೆಂಡದಂಗೆ ಸುಡ್ತಿತ್ತು ಕಣತ್ತೆ ಇವನಿಗೆ. ಮಕ್ಳಿರೋ ಮನೆ, ಅಂಟೀತು ಅಂತ ಓಟ್ಲಲ್ಲೇ ಬಿದ್ಕೊಂಡವ್ನೆ. ಗಂಜಿ ಕುಡಿಸಿ, ಬೆವರು ಬುಟ್ಟ ಮೇಲೆ ಕರ್ಕೊಂಡ್ ಬಂದೆ."

ಅತ್ತೆ ನನ್ನ ಹಣೆ ಮುಟ್ಟಿ ನೋಡಿದರು. ಬಿಸಿಲಲ್ಲಿ ನಡೆದು ಬಂದ ಹಣೆ ಅಕ್ಕನ ಮಾತನ್ನು ಉಳಿಸಿತು. "ಇನ್ನೂ ಬಿಟ್ಟಿಲ್ಲ ಕಣವ್ವ" ಎಂದರು, ದನಿ ಮೆತ್ತಗಾಗಿತ್ತು. ಆ ಸಂಜೆ ಮನೆಮಂದಿಯೆಲ್ಲ ಕೋಳಿಸಾರು ಮುದ್ದೆ ಉಣ್ಣುತ್ತಿರುವಾಗ, ಕಾಯಿಲೆಯವನೆಂದು ನನ್ನನ್ನು ದೂರ ಕೂರಿಸಿ ಮೆಣಸಿನ ಕಷಾಯವನ್ನೂ ಗಂಜಿಯನ್ನೂ ಕೊಟ್ಟರು. ಸಾರಿನ ಘಮವನ್ನೇ ನೆಂಚಿಕೊಂಡು ಗಂಜಿ ಕುಡಿದೆ. ಬಡಿಸುತ್ತಿದ್ದ ಅಕ್ಕ ನನ್ನ ಕಡೆ ನೋಡಲೇ ಇಲ್ಲ, ನೋಡಿದ್ದರೆ ನಕ್ಕುಬಿಡುತ್ತಿದ್ದಳು.

ಮರುದಿನ ನಾನು ಹೊರಟಾಗ ಅತ್ತೆ ಜಗಲಿಯವರೆಗೂ ಬಂದರು. "ಇನ್ನೊಂದ್ ಸಲ ಜ್ವರ ಬಂದ್ರೆ ಓಡಾಡ್ಬ್ಯಾಡ ಕಣಪ್ಪ, ಆ ಓಟ್ಲಲ್ಲೇ ಮಲಗಿರು. ಗಂಜಿ ಇವಳ ಕೈಲಿ ಕಳಿಸ್ತೀನಿ, ನಿನ್ನ ನೋಡ್ಕೊಂಡ್ ಸಂಜೆಗ್ ಬತ್ತಾಳೆ" ಎಂದರು. ಅವರ ಹಿಂದೆ ಹೊಸಿಲಲ್ಲಿ ನಿಂತಿದ್ದ ಅಕ್ಕ ಆಗ ನನ್ನನ್ನು ನೋಡಿದಳು.

ಆಮೇಲಿನ ವರ್ಷಗಳಲ್ಲಿ ಕೃಷ್ಣರಾಜನಗರಕ್ಕೆ ಹೋದಾಗಲೆಲ್ಲ ನನಗೆ ಒಂದು ದಿನ ಜ್ವರ ಬರುತ್ತಿತ್ತು. ಅಕ್ಕ ಗಂಜಿ ತಂದಿಟ್ಟು, ಸಂಜೆಯವರೆಗೆ ನಿದ್ದೆ ಮಾಡಿ ಹೋಗುತ್ತಿದ್ದಳು.