ಲಿಂಬೆ ಬಣ್ಣದ ಮಿಲಿಟರಿ ಲಾರಿ

ಗಾಡಿ ತರಲು ಹೋಗುತ್ತೇನೆ ಎಂದು ಆ ಭಾನುವಾರ ಬೆಳಿಗ್ಗೆ ನನ್ನ ಗಂಡ ಮನೆಯಿಂದ ಹೊರಟಾಗ, ಯಾವುದೋ ಹಳೆಯ ಸಣ್ಣ ಕಾರು ಬರುತ್ತದೆ ಎಂದೇ ನಾನು ತಿಳಿದಿದ್ದೆ. ಮಧ್ಯಾಹ್ನ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಕೆಳಗೆ ಗಡಗಡ ಸದ್ದಾಯಿತು. ಬಗ್ಗಿ ನೋಡಿದರೆ ನಮ್ಮ ಅಪಾರ್ಟ್‌ಮೆಂಟಿನ ಗೇಟಿನೊಳಗೆ ಹಸಿರು ಬಣ್ಣದ ಮಿಲಿಟರಿ ಲಾರಿಯೊಂದು ಬರುತ್ತಿತ್ತು. ಹಿಂದೆ ಕ್ಯಾನ್ವಾಸಿನ ಹೊದಿಕೆ, ಮೊಣಕಾಲಿಗೂ ಮೇಲಿನ ಟೈರುಗಳು, ಬಾಗಿಲ ಮೇಲೆ ಅರ್ಧ ಅಳಿಸಿದ ಬಿಳಿ ಅಂಕಿಗಳು. ಡ್ರೈವರ್ ಸೀಟಿನಿಂದ ಕೈ ಹೊರಗೆ ಚಾಚಿ ನನ್ನತ್ತ ಬೀಸುತ್ತಿದ್ದವರು ನನ್ನ ಗಂಡ.

ಕೈಯಲ್ಲಿದ್ದ ಬಟ್ಟೆ ಅಲ್ಲೇ ಬಿಟ್ಟು ಕೆಳಗೆ ಓಡಿದೆ.

"ಏನ್ರಿ ಇದು?"

"ಗಾಡಿ ತರ್ತೀನಿ ಅಂದಿದ್ನಲ್ಲ. ಇದ ಗಾಡಿ," ಅಂದರು. "ಮಿಲಿಟ್ರಿಯವ್ರು ಹರಾಜ್ ಹಾಕಿದ್ರು. ಒಂದ ಟನ್ನಿನ ಲಾರಿ. ನಾಲ್ಕೂ ಗಾಲಿ ಎಳಿತಾವ."

ನನ್ನ ಗಂಡ ನೀರಾವರಿ ಇಲಾಖೆಯಲ್ಲಿ ಇಂಜಿನಿಯರಾಗಿದ್ದು ಅದೇ ವರ್ಷ ನಿವೃತ್ತರಾಗಿದ್ದರು. ಕೆಲಸದುದ್ದಕ್ಕೂ ಇಲಾಖೆಯ ಜೀಪನ್ನು ತಾವೇ ಓಡಿಸಿಕೊಂಡು ಕಾಲುವೆಗಳ ದಂಡೆ ಸುತ್ತಿದವರು. ಅವರ ಊರು ಇಂಡಿ ತಾಲೂಕಿನ ಕಡೆ. ಅಲ್ಲಿ ಅವರ ತಂಗಿ, ಅಂದರೆ ನನ್ನ ನಾದಿನಿ, ಲಿಂಬೆ ತೋಟ ನೋಡಿಕೊಂಡಿದ್ದಾಳೆ. ಡಾಂಬರು ರಸ್ತೆಯಿಂದ ತೋಟಕ್ಕೆ ಒಂದು ಹರದಾರಿಯಷ್ಟು ಎರೆಮಣ್ಣಿನ ದಾರಿ. ಮಳೆ ಬಿದ್ದರೆ ಆ ಮಣ್ಣು ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ಲಿಂಬೆಕಾಯಿಯ ಚೀಲಗಳನ್ನು ತಲೆಯ ಮೇಲೆ ಹೊತ್ತು ರಸ್ತೆಗೆ ತರಬೇಕು. ಹಿಂದಿನ ಮಳೆಗಾಲದಲ್ಲಿ ಅವಳು ಫೋನಿನಲ್ಲಿ, "ಅಣ್ಣಾ, ದಾರ್ಯಾಗ ಟ್ರ್ಯಾಕ್ಟರನೂ ಹೂತು ಕುಂತೈತಿ ನೋಡು," ಎಂದು ನಗುತ್ತ ಹೇಳಿದ್ದು ನನಗೂ ಕೇಳಿಸಿತ್ತು. ನಾನು ನಕ್ಕು ಮರೆತೆ. ಇವರು ಮರೆತಿರಲಿಲ್ಲ.

"ಇದನ್ನ ಊರಿಗೆ ಒಯ್ದು ಆಕಿಗೆ ಕೊಡೂಣು. ಇಬ್ರೂ ಕೂಡಿ ಹೋಗೂಣು, ಎರಡ ದಿನದ ದಾರಿ," ಎಂದರು.

ಕಾರಣ ಒಳ್ಳೆಯದೇ. ಆದರೆ ನನ್ನನ್ನು ಒಂದು ಮಾತೂ ಕೇಳದೆ ತಂದಿದ್ದರಲ್ಲ, ಅದು ನನ್ನನ್ನು ಚುಚ್ಚಿತು. ಹುಟ್ಟಿದ್ದು ಕಲಬುರಗಿಯಾದರೂ ಮೂವತ್ತು ವರ್ಷ ಹೈದರಾಬಾದಿನ ಅಬಿಡ್ಸ್‌ನ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದವಳು ನಾನು. ಬಸ್ಸು, ಆಟೋ ಬಿಟ್ಟು ಬೇರೆ ಗಾಡಿ ಹತ್ತಿದವಳಲ್ಲ.

"ನೀವು ಲಾರಿಯೊಳಗ ಹೋಗ್ರಿ. ನಾ ಬಸ್ಸಿಗೆ ಬರ್ತೀನಿ," ಎಂದು ಹೇಳಿ ಮೇಲೆ ಬಂದುಬಿಟ್ಟೆ.

ಸಂಜೆಯ ಹೊತ್ತಿಗೆ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಬಾಗಿಲು ತಟ್ಟಿದರು. ಸೌಮ್ಯ ಸ್ವಭಾವದ ತೆಲುಗು ಮನುಷ್ಯ. "ಆಂಟೀ, ಇದಿ ಇಕ್ಕಡ ಪೆಟ್ಟಕೂಡದು," ಎಂದರು, ಇದನ್ನು ಇಲ್ಲಿ ನಿಲ್ಲಿಸುವಂತಿಲ್ಲ ಎಂದು. ಮೂರು ಕಾರುಗಳ ಜಾಗ ಅದೊಂದೇ ಹಿಡಿದಿದೆಯಂತೆ. ಅವರ ಮಾತು ನನಗೆ ಪೂರಾ ಒಪ್ಪಿಗೆಯಾಗಿತ್ತು. ಅದನ್ನು ಗಂಡನ ಎದುರಿಗೇ ಹೇಳಿದೆ ಕೂಡ.

ನಮ್ಮ ಕಂಪೌಂಡಿನ ಹಿಂದೆ ಇನ್ನೊಂದು ದೊಡ್ಡ ಕಟ್ಟಡ ಏಳುತ್ತಿತ್ತು. ಅಲ್ಲಿ ಕಾವಲಿಗಿದ್ದ ಗಂಡ ಹೆಂಡತಿ ಅಫಜಲಪುರದ ಕಡೆಯವರು. ತಗಡಿನ ಶೆಡ್ಡಿನಲ್ಲಿ ಸಂಸಾರ. ಹಗಲು ಹೆಂಡತಿ ಅಲ್ಲಿಯೇ ಇಟ್ಟಿಗೆ ಹೊರುತ್ತಿದ್ದಳು. ಮರುದಿನ ಬೆಳಿಗ್ಗೆ ನಾವಿಬ್ಬರು ಗೇಟಿನ ಹತ್ತಿರ ಲಾರಿಯ ಸಲುವಾಗಿಯೇ ಜಗಳಾಡುತ್ತಿದ್ದಾಗ ಅವಳು ಗೋಡೆಯಾಚೆಯಿಂದ ತಲೆ ಎತ್ತಿ, "ಅಕ್ಕಾರ, ಉಸುಕಿನ ಗುಂಪಿ ಬಾಜೂಕ ಜಾಗಾ ಐತ್ರಿ. ಮೇಸ್ತ್ರಿಗೆ ನಾ ಹೇಳ್ತೀನಿ, ಅಲ್ಲೇ ಹಚ್ಚರಿ," ಎಂದಳು. ನಮ್ಮ ಜಗಳವೆಲ್ಲ ಕನ್ನಡದಲ್ಲಿ ನಡೆದಿತ್ತು. ಅಷ್ಟನ್ನೂ ಅವಳು ಕೇಳಿಸಿಕೊಂಡಿದ್ದಾಳೆ ಎಂದು ಗೊತ್ತಾಗಿ ನಾಚಿಕೆಯಾಯಿತು. ಅವಳ ಕಣ್ಣಲ್ಲಿ ನಗು ಇತ್ತು.

ಹೀಗೆ ಲಾರಿ ಉಸುಕಿನ ಗುಡ್ಡೆಯ ಪಕ್ಕಕ್ಕೆ ಹೋಯಿತು. ತಯಾರಿಗೆ ಒಂದು ತಿಂಗಳೇ ಹಿಡಿಯಿತು. ಎಪ್ಪತ್ತು ದಾಟಿದ ಮೇಕಾನಿಕರೊಬ್ಬರು ಸಿಕ್ಕರು. ಇಂಥ ಲಾರಿಗಳನ್ನು ಹತ್ತಾರು ವರ್ಷ ಬಿಚ್ಚಿ ಕೂಡಿಸಿದವರು. ಬಿಳಿ ಗಡ್ಡ, ತಲೆಗೆ ಟೋಪಿ, ಶುದ್ಧ ಹೈದರಾಬಾದಿ ಮಾತು. ಮೊದಲ ದಿನ ಇಂಜಿನ್ನಿಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿ, ನನ್ನ ಮುಖ ನೋಡಿ, "ಫಿಕರ್ ನಕ್ಕೋ ಕರೋ ಅಮ್ಮಾ, ದಿಲ್ ಅಚ್ಛಾ ಹೈ ಇಸ್ಕಾ," ಎಂದರು. ಚಿಂತೆ ಬೇಡವಂತೆ, ಇದರ ಹೃದಯ ಗಟ್ಟಿಯಾಗಿದೆಯಂತೆ. ನನಗೆ ಚಿಂತೆಯಿದ್ದದ್ದು ಲಾರಿಯ ಹೃದಯದ್ದಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಬ್ರೇಕಿನ ರಬ್ಬರು ಪೈಪುಗಳು ಬಿರುಕು ಬಿಟ್ಟಿದ್ದವು, ಎಲ್ಲ ಹೊಸದಾದವು. ಬ್ಯಾಟರಿ ಬದಲಾಯಿತು. ಸ್ಪ್ರಿಂಗ್ ಪ್ಲೇಟುಗಳಿಗೆ, ಕೀಲುಗಳಿಗೆ ಗ್ರೀಸು ತುಂಬಿದರು. ಡೀಸೆಲ್ ಟ್ಯಾಂಕು ತೊಳೆದಾಗ ಬಕೆಟ್ಟಿನ ತಳ ಕಾಣದಷ್ಟು ತುಕ್ಕಿನ ರಾಡಿ ಬಂತು. ನನ್ನ ಗಂಡ ಬೆಳಿಗ್ಗೆ ಚಹಾ ಕುಡಿದು ಗೋಡೆಯಾಚೆ ಹೋದರೆ ಊಟಕ್ಕೆ ಕರೆದಾಗಲೇ ಬರುವುದು. ನಿವೃತ್ತರಾದ ಮೇಲೆ ಮೊದಲ ಸಲ ಅವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೂತಿರಲಿಲ್ಲ.

ಒಂದು ದಿನ ಊಟದ ಹೊತ್ತಿಗೆ, "ಬಣ್ಣಾ ಬದಲಿ ಮಾಡಬೇಕು," ಎಂದರು. ಸೈನ್ಯದ ಹಸಿರನ್ನು ಖಾಸಗಿ ಗಾಡಿಗೆ ಬಳಿದುಕೊಂಡಿರುವಂತಿಲ್ಲವಂತೆ. ಬೇರೆ ಬಣ್ಣ ಹಚ್ಚಿದ ಮೇಲೆಯೇ ಕಾಗದಪತ್ರ ಆಗುವುದು. "ಯಾವ ಬಣ್ಣಾ ಹಚ್ಚಸೂಣು?"

"ನನ್ನ ಯಾಕ ಕೇಳ್ತೀರಿ? ತರೂಮುಂದ ಕೇಳಿದ್ರೇನು?" ಎಂದು ಸಿಡುಕಿದೆ. "ಲಿಂಬಿಹಣ್ಣಿನ ಬಣ್ಣಾ ಹಚ್ಚಸ್ರಿ. ನಿಮ್ಮ ತಂಗಿ ತ್ವಾಟಕ್ಕ ಛಲೋ ಒಪ್ಪತೈತಿ."

ಸಿಟ್ಟಿನಲ್ಲಿ ಆಡಿದ ಮಾತು. ವಾರದ ನಂತರ ಬಾಲ್ಕನಿಗೆ ಬಂದು ನೋಡಿದರೆ ಉಸುಕಿನ ಗುಡ್ಡೆಯ ಪಕ್ಕ ಅಚ್ಚ ಲಿಂಬೆಹಣ್ಣಿನ ಹಳದಿ ಲಾರಿ ಬಿಸಿಲಿಗೆ ಹೊಳೆಯುತ್ತ ನಿಂತಿತ್ತು. ಕಟ್ಟಡದ ಮೇಲಿನ ಕೆಲಸಗಾರರೆಲ್ಲ ಸಾರುವೆಯ ಮೇಲೆ ನಿಂತು ಕೆಳಗೆ ನೋಡುತ್ತಿದ್ದರು. ನನ್ನ ಗಂಡ ಅದರ ಮುಂದೆ ನಿಂತು, ಮೇಲೆ ನನ್ನನ್ನು ಕಂಡು, ಎರಡೂ ಕೈ ಅಗಲಿಸಿ "ಹೆಂಗೈತಿ?" ಎಂಬಂತೆ ಕೇಳಿದರು. ನಾನು ಎಷ್ಟು ನಕ್ಕೆನೆಂದರೆ ಕಂಬಿ ಹಿಡಿದುಕೊಂಡು ಕೂತುಬಿಟ್ಟೆ. ಅಲ್ಲಿಗೆ ನನ್ನ ಸಿಟ್ಟಿನ ಮುಕ್ಕಾಲು ಪಾಲು ಹೋಯಿತು.

ಉಳಿದದ್ದು ಹೋದದ್ದು ಪರೀಕ್ಷೆಗೆಂದು ಲಾರಿ ಓಡಿಸಿದ ದಿನ. ಮೇಕಾನಿಕರೂ ಇದ್ದರು, ನನ್ನನ್ನೂ ಒತ್ತಾಯ ಮಾಡಿ ಹತ್ತಿಸಿಕೊಂಡರು. ಹತ್ತುವುದೇ ಒಂದು ಸಾಹಸ: ಕಬ್ಬಿಣದ ಮೆಟ್ಟಿಲ ಮೇಲೆ ಕಾಲಿಟ್ಟು, ಹಿಡಿ ಹಿಡಿದು, ಸೀರೆ ಎತ್ತಿಕಟ್ಟಿ ಜಿಗಿಯಬೇಕು. ಆದರೆ ಮೇಲೆ ಕೂತ ಮೇಲೆ ನಾವಿದ್ದ ಮಿಯಾಪುರ ಬೇರೆಯದೇ ಊರಾಗಿ ಕಂಡಿತು. ಇಪ್ಪತ್ತು ವರ್ಷ ಆಟೋದಲ್ಲಿ ಓಡಾಡಿದ ರಸ್ತೆಯ ಪಕ್ಕದ ಗೋಡೆಯ ಹಿಂದೆ ಒಂದು ಕೆರೆಯಿದೆ, ಅದರಲ್ಲಿ ಬಿಳಿ ಕೊಕ್ಕರೆಗಳಿವೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಪಟಾನ್‌ಚೆರು ದಾಟಿ ಸ್ವಲ್ಪ ಮುಂದೆ ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಟ್ಯಾಂಕಿನಲ್ಲಿ ಉಳಿದಿದ್ದ ರಾಡಿ ಫಿಲ್ಟರಿಗೆ ಕಟ್ಟಿಕೊಂಡಿತ್ತು. ಮೇಕಾನಿಕರು ಅದನ್ನು ಬಿಚ್ಚಿ ತೊಳೆದು ಕೂಡಿಸಿದರು. ಆದರೆ ಪೈಪಿನೊಳಗೆ ಗಾಳಿ ಹೊಕ್ಕಿತ್ತು, ಅದು ಹೋಗುವ ತನಕ ಇಂಜಿನ್ ಏಳುವುದಿಲ್ಲ. ಗಾಳಿ ಬಿಡುವ ಸ್ಕ್ರೂ ಇದ್ದದ್ದು ಒಂದು ಸಂದಿಯಲ್ಲಿ. ಮುದುಕರ ಬೆರಳುಗಳಿಗೆ ನಡುಕ. ನನ್ನ ಗಂಡನ ಕೈ ಅಲ್ಲಿ ತೂರಲಿಲ್ಲ. ಮೇಕಾನಿಕರು ನನ್ನ ಕೈ ನೋಡಿದರು.

"ಅಮ್ಮಾ, ಆಪ್ ಆವೋ," ಎಂದು ನನ್ನನ್ನೇ ಕರೆದರು.

ಅವರು ಹೇಳಿದಂತೆ ಸ್ಕ್ರೂ ಸಡಿಲಿಸಿ, ಇನ್ನೊಂದು ಕೈಯಿಂದ ಸಣ್ಣ ಪಂಪನ್ನು ಒತ್ತುತ್ತ ಹೋದೆ. ಮೊದಲು ಬರೀ ಬುಸ್ಸೆಂದಿತು. ಆಮೇಲೆ ನೊರೆ. ಒತ್ತುತ್ತ ಒತ್ತುತ್ತ ನೊರೆ ಕಡಿಮೆಯಾಗಿ ತಿಳಿಯಾದ ಡೀಸೆಲ್ ನನ್ನ ಬೆರಳ ಮೇಲೆ ಹರಿಯಿತು. "ಬಸ್, ಬಸ್! ಟೈಟ್ ಕರೋ," ಎಂದು ಕೂಗಿದರು. ಬಿಗಿ ಮಾಡಿದೆ. ಗಂಡ ಕೀಲಿ ತಿರುವಿದರು. ಇಡೀ ಲಾರಿ ಮೈ ಕೊಡವಿಕೊಂಡು ಎದ್ದಿತು.

ಅಷ್ಟು ದೊಡ್ಡ ಯಂತ್ರ ನನ್ನ ಎರಡು ಬೆರಳಿನಿಂದ ಎದ್ದು ನಿಂತಿತ್ತು! ಕಚೇರಿಯಲ್ಲಿ ಮೂವತ್ತು ವರ್ಷ ಎಷ್ಟೋ ಕಡತ ವಿಲೇವಾರಿ ಮಾಡಿದ್ದೆ. ಒಂದಕ್ಕೂ ಇಷ್ಟು ಹಿಗ್ಗು ಆಗಿರಲಿಲ್ಲ.

ತಿರುಗಿ ಬರುವಾಗ ರಸ್ತೆಯುಬ್ಬೊಂದರ ಮೇಲೆ ಲಾರಿ ಕುಪ್ಪಳಿಸಿ ನನ್ನ ತಲೆ ಚಾವಣಿಗೆ ಬಡಿಯಿತು. "ಖಾಲಿ ಗಾಡಿ ಕೂದ್ತಿ. ವಜನ್ ಡಾಲೋ," ಎಂದರು ಮೇಕಾನಿಕರು. ಖಾಲಿ ಗಾಡಿ ಹೀಗೇ ಕುಣಿಯುವುದು, ಭಾರ ಹೇರಿಕೊಂಡು ಹೋಗಿ ಎಂದು. ನಾನು ಮರುದಿನವೇ ಸುಲ್ತಾನ್ ಬಜಾರಿಗೆ ಹೋಗಿ ದಪ್ಪ ಬಟ್ಟೆ ತಂದು, ಸೀಟಿಗೆ ಅರಳೆ ತುಂಬಿದ ಗಾದಿ ಹೊಲಿಯಲು ಕೂತೆ. ಬಸ್ಸಿನ ಮಾತನ್ನು ಗಂಡ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಭಾರ ಎಲ್ಲಿಂದ ತರುವುದು? ಉಸುಕಿನ ಚೀಲ ಹಾಕೋಣ ಎಂದರು ಇವರು. ಕಾವಲುಗಾರನ ಹೆಂಡತಿ ಅಲ್ಲೇ ನಿಂತು ಕೇಳುತ್ತಿದ್ದಳು.

"ಅಣ್ಣಾರ, ಉಸುಕು ಯಾಕ್ರಿ? ನಂದೊಂದು ಬಾಗ್ಲಾ ಐತಿ," ಎಂದಳು.

ಶೆಡ್ಡಿನ ಹಿಂದೆ ಸಿಮೆಂಟ್ ಚೀಲ ಹೊದಿಸಿಟ್ಟಿದ್ದ ಸಾಗವಾನಿಯ ಜೋಡಿ ಬಾಗಿಲು, ಚೌಕಟ್ಟಿನ ಸಮೇತ. ಹಳೆಯ ಬಂಗಲೆಯೊಂದನ್ನು ಕೆಡವುವ ಕೆಲಸಕ್ಕೆ ಹೋದಾಗ ಕೊಂಡದ್ದಂತೆ. ಊರಲ್ಲಿ ಮನೆ ಕಟ್ಟಿ ಮುಗಿದು ಮೂರು ವರ್ಷವಾಗಿತ್ತು. ಈ ಬಾಗಿಲು ಸಾಗಿಸಲಾಗದೆ ಅಲ್ಲಿ ತಗಡು ಅಡ್ಡ ಇಟ್ಟಿದ್ದರು. ನಾನು ಬಾಗಿಲ ಮೇಲೆ ಕೈಯಾಡಿಸಿದೆ. ನಯವಾದ ಕೆತ್ತನೆ, ಹಿತ್ತಾಳೆಯ ಬಳೆ.

"ನೀನೂ ಬಾ. ನಿನ್ನ ಬಾಗ್ಲಾ ನೀನ ಇಳಿಸ್ಕೊ," ಎಂದೆ. ತನ್ನ ಗಂಡ ಕಾವಲಿಗೆ ಉಳಿದರೆ ತಾನು ಬರಬಹುದು ಎಂದು ಲೆಕ್ಕ ಹಾಕಿ, ಅವಳು ಅಲ್ಲಿಯೇ ಒಪ್ಪಿಕೊಂಡಳು.

ಸುದ್ದಿ ಹಬ್ಬಿತು. ಎರಡು ದಿನದಲ್ಲಿ ಕೂಲಿಕಾರರ ಶೆಡ್ಡುಗಳಿಂದ ಒಬ್ಬೊಬ್ಬರೇ ಬಂದರು. ಕಲಬುರಗಿಯ ತಾಯಿಗೆ ಕೂಲರು, ಹುಮನಾಬಾದಿನ ಅಕ್ಕನಿಗೆ ಹೊಲಿಗೆ ಯಂತ್ರ, ಚವಡಾಪುರಕ್ಕೊಂದು ಕಬ್ಬಿಣದ ಕಪಾಟು, ಮದುವೆ ಮನೆಗೆ ದೊಡ್ಡ ಪಾತ್ರೆಗಳು. ದಾರಿಯ ಮೇಲಿನ ಊರುಗಳದ್ದು ಮಾತ್ರ ಎಂದು ನಾನು ನಿಯಮ ಮಾಡಿದೆ. ಪ್ರತಿ ಸಾಮಾನಿಗೂ ರಟ್ಟಿನ ಚೀಟಿ ಕಟ್ಟಿ, ಯಾರದು, ಯಾರಿಗೆ, ಎಲ್ಲಿ ಇಳಿಸಬೇಕು ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಒಬ್ಬ ಗಾರೆ ಕೆಲಸದವನು ಆಡು ತಂದ.

"ಇದಕ್ಕ ಚೀಟಿ ಎಲ್ಲಿ ಕಟ್ಲಿ? ತಿಂದಬಿಡ್ತೈತಿ," ಎಂದೆ. ಅವನೂ ನಕ್ಕು ಆಡನ್ನು ಎಳೆದುಕೊಂಡು ಹೋದ.

ಹೊರಡುವ ಹಿಂದಿನ ದಿನ ನಾನು ಮತ್ತು ಕಾವಲುಗಾರನ ಹೆಂಡತಿ ಕೂಡಿ ರೊಟ್ಟಿ ಬಡಿದೆವು. ಮೊದಲು ನಮ್ಮ ಅಡುಗೆಮನೆಯ ಹೊರಗೇ ನಿಂತವಳನ್ನು ಕೈಹಿಡಿದು ಒಳಗೆ ಕರೆದೆ. ಅವಳ ರೊಟ್ಟಿ ನನ್ನದಕ್ಕಿಂತ ದುಂಡಗೆ, ತೆಳ್ಳಗೆ ಬಂದವು. ಶೇಂಗಾ ಹಿಂಡಿ, ಪುಂಡಿಪಲ್ಯ, ಮೊಸರು ಕಟ್ಟಿಕೊಂಡೆವು. ಗಂಡ ನೀರಿನ ಕ್ಯಾನು, ಹಗ್ಗ, ಬೆಲ್ಟು, ಎರಡು ಹೊಸ ಫಿಲ್ಟರು ಇಟ್ಟರು; ರಾಜ್ಯದ ಗಡಿ ದಾಟಲು ಬೇಕಾದ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಸ್ಕ್ರೂ ಸಡಿಲಿಸುವ ಪಾನಾ ಮಾತ್ರ ನಾನೇ ಕೇಳಿ ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡೆ.

ಬೆಳಗಾಗುತ್ತಲೇ ಹೊರಟೆವು. ಮೇಕಾನಿಕರು ಬಂದು ನಾಲ್ಕೂ ಗಾಲಿಗೆ ಒಮ್ಮೊಮ್ಮೆ ಒದ್ದು ನೋಡಿ, ಬಾನೆಟ್ಟಿನ ಮೇಲೆ ಕೈಯಿಟ್ಟು ತುಟಿಯಲ್ಲೇ ಏನೋ ಹೇಳಿಕೊಂಡರು. ಕಾರ್ಯದರ್ಶಿ ವಾಕಿಂಗ್ ಬಿಟ್ಟು ಬಂದು ಲಾರಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಮುಂದಿನ ಸೀಟಿನಲ್ಲಿ ನಾವು ಮೂವರು, ಹಿಂದೆ ಹತ್ತು ಮನೆಗಳ ಸಾಮಾನು. ಭಾರಕ್ಕೆ ಲಾರಿ ಕುಣಿಯಲಿಲ್ಲ. ತುಂಬು ಬಸುರಿಯಂತೆ ಮೆಲ್ಲಗೆ ನಡೆಯಿತು.

ಜಹೀರಾಬಾದಿನ ಆಚೆ ಕಬ್ಬಿನ ಹೊಲಗಳ ನಡುವೆ ಒಮ್ಮೆ ಇಂಜಿನ್ ನಿಂತಿತು. ನಾನು ಯಾರ ಕರೆಗೂ ಕಾಯದೆ ಇಳಿದು, ಫಿಲ್ಟರು ಬದಲಾಯಿಸಿದ ಗಂಡನನ್ನು ಪಕ್ಕಕ್ಕೆ ಸರಿಸಿ, ಗಾಳಿ ಬಿಡಿಸಿ ಬಂದೆ. ಹುಮನಾಬಾದಿನಲ್ಲಿ ಹೊಲಿಗೆ ಯಂತ್ರ ಇಳಿಯಿತು. ರಾತ್ರಿ ಕಲಬುರಗಿಯಲ್ಲಿ ನನ್ನ ತಮ್ಮನ ಮನೆಯಲ್ಲಿ ಉಳಿದೆವು. ಮರುದಿನ ಮಧ್ಯಾಹ್ನ ಕಾವಲುಗಾರನ ಹೆಂಡತಿಯ ಊರು. ನಾಲ್ಕು ಜನ ಸೇರಿ ಬಾಗಿಲು ಇಳಿಸಿ ಗೋಡೆಗೆ ಒರಗಿಸಿದರು. ಅವಳು ಸೆರಗಿನಿಂದ ಧೂಳು ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತ ನಿಂತಳು. "ಮನಿಗಿಂತ ಬಾಗ್ಲಾನ ದೊಡ್ಡದ ಕಾಣ್ತೈತಲ್ರಿ ಅಕ್ಕಾರ," ಎಂದಳು. ನಿಜವೇ. ಅವಳಿಗೆ ಅದು ಬೇಸರವೇನೂ ತಂದಂತಿರಲಿಲ್ಲ.

ಅವಳನ್ನು ಅಲ್ಲೇ ಬಿಟ್ಟು, ಭೀಮಾ ಹೊಳೆ ದಾಟಿ ನಾವಿಬ್ಬರು ತೋಟದ ದಾರಿಗೆ ಬಂದಾಗ ಸಂಜೆಯಾಗಿತ್ತು. ಹಿಂದಿನ ದಿನ ಮಳೆ ಬಿದ್ದು ಎರೆಮಣ್ಣು ಹದವಾಗಿ ಅಂಟುತ್ತಿತ್ತು. ಗಂಡ ಇನ್ನೊಂದು ಗೇರು ಎಳೆದು ನಾಲ್ಕೂ ಗಾಲಿಗೆ ಬಲ ಕೊಟ್ಟರು. ಲಾರಿ ಒಂದೆರಡು ಕಡೆ ಜಾರಿತು, ಆದರೆ ನಿಲ್ಲಲಿಲ್ಲ. ನಾದಿನಿ ಸದ್ದು ಕೇಳಿ ತೋಟದ ಬದುವಿನ ಮೇಲೆ ಓಡಿ ಬಂದಳು. ಲಾರಿಯ ಸುತ್ತಲೂ ನಡೆದು ನೋಡಿದಳು. ಆಮೇಲೆ ಅಣ್ಣನ ತೋಳಿಗೆ ಒಂದು ಗುದ್ದು ಕೊಟ್ಟು, "ಹುಚ್ಚ ಅಣ್ಣಾ," ಎಂದು ಅತ್ತುಬಿಟ್ಟಳು.

ಅವಳು ಬಿಸಿನೀರು ಕಾಸಿ ಕೊಟ್ಟಳು. ಸೋಪು ಹಚ್ಚಿ ಎರಡು ಸಲ ತೊಳೆದರೂ ನನ್ನ ಬೆರಳುಗಳಿಂದ ಡೀಸೆಲ್ ವಾಸನೆ ಹೋಗಲಿಲ್ಲ. ಹಸಿವು ಬಹಳವಾಗಿತ್ತು. ಹಾಗೆಯೇ ಊಟಕ್ಕೆ ಕೂತೆ.