ಗೆಲ್ಲಬಾರದ ಪಂದ್ಯ

ಊರಿನ ಫುಟ್‌ಬಾಲ್ ಕ್ಲಬ್ಬಿನವರು ಅವನನ್ನು ಖಜಾಂಚಿ ಮಾಡಿದ್ದು ಬುದ್ಧಿವಂತಿಕೆ ನೋಡಿ ಅಲ್ಲ, ಜಿಪುಣತನ ನೋಡಿ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಅವನದೊಂದು ಟೈರು ಅಂಗಡಿ. ಒಂದು ಟ್ಯೂಬಿಗೆ ಎಷ್ಟು ತೇಪೆ ಹಿಡಿಯುತ್ತದೋ ಅಷ್ಟೂ ಹಾಕಿ, ಇನ್ನು ತೇಪೆಯ ಮೇಲೇ ತೇಪೆ ಹಾಕಬೇಕು ಎನ್ನುವ ಗತಿ ಬಂದಾಗ ಮಾತ್ರ ‘ಹೊಸದು ತಗೊಂಡುಬಿಡಿ’ ಎನ್ನುವ ಆಸಾಮಿ. ಇಂಥವನ ಕೈಗೆ ಪೆಟ್ಟಿಗೆಯ ಬೀಗದಕೈ ಕೊಟ್ಟರೆ ಬಿಡಿಗಾಸೂ ಸೋರುವುದಿಲ್ಲ ಎಂದು ಎಲ್ಲರೂ ನಂಬಿದರು. ಬಹಳ ವರ್ಷ ಆ ನಂಬಿಕೆ ಹುಸಿಯಾಗಲಿಲ್ಲ. ಮೂರನೇ ದರ್ಜೆಯ ಕ್ಲಬ್ಬು. ಟಿಕೆಟ್ಟಿನಿಂದ ಬಂದದ್ದರಲ್ಲಿ ಗೆರೆ ಎಳೆಯುವ ಸುಣ್ಣ, ಗೋಲಿನ ಬಲೆ, ಬಸ್ ಚಾರ್ಜು, ಆಟಗಾರರ ಕೈಗೊಂದಿಷ್ಟು ಸಂಬಳ. ಕ್ಲಬ್ಬು ವರ್ಷವರ್ಷವೂ ಸೋಲುತ್ತಿತ್ತು, ವರ್ಷವರ್ಷವೂ ಬದುಕಿಕೊಳ್ಳುತ್ತಿತ್ತು.

ಅಂಗಡಿ ಅಪ್ಪ ಬಿಟ್ಟುಹೋದದ್ದು. ಅದರ ಮೇಲೆಯೇ ಮನೆ. ಅಪ್ಪ ಹೋದಾಗ ಇವನಿಗಿನ್ನೂ ಮೀಸೆ ಚಿಗುರುತ್ತಿತ್ತು, ತಮ್ಮ ಚಡ್ಡಿ ಹಾಕುವ ವಯಸ್ಸಿನವನು. ಆಟಕ್ಕೆಂದು ದುಡ್ಡು ಖರ್ಚು ಮಾಡುವ ಸ್ಥಿತಿ ಮನೆಯಲ್ಲಿ ಇರಲಿಲ್ಲವಾದ್ದರಿಂದ ಅಣ್ಣ ಸಂಜೆ ಅಂಗಡಿಯ ಷಟರ್ ಎಳೆದು, ಅದರ ಮುಂದೆ ತಮ್ಮನನ್ನು ನಿಲ್ಲಿಸಿ, ರಸ್ತೆಯ ಆಚೆಯಿಂದ ಚೆಂಡು ಒದೆಯುತ್ತಿದ್ದ. ತಪ್ಪಿದ ಚೆಂಡು ಷಟರಿಗೆ ಬಡಿದು ಧಡಾರೆಂದರೆ ಬೀದಿಯವರೆಲ್ಲ ಬಯ್ಯುತ್ತಿದ್ದರು.

“ಯೋಚನೆ ಮಾಡ್ಬೇಡ ಕಣೋ,” ಎಂದು ಅಣ್ಣ ಕೂಗುತ್ತಿದ್ದ. “ಬಾಲು ಕಂಡ ತಕ್ಷಣ ಕೈ ಹೋಗ್ಬೇಕು. ನೀನು ಆಮೇಲೆ ಹೋಗು.”

ಹಾಗೆ ಕಲಿತವನು ಊರಿನ ಗೋಲ್‌ಕೀಪರ್ ಆದ. ಹಗಲು ಅಣ್ಣನ ಜೊತೆ ಟೈರು ಬಿಚ್ಚುವುದು, ಸಂಜೆ ಮೈದಾನ. ತಲೆಯಲ್ಲಿ ಬಿಳಿ ಕೂದಲು ಇಣುಕಿದರೂ ಒಂದು ಟ್ರೋಫಿ, ಒಂದು ಪದಕ ಮುಟ್ಟಿದವನಲ್ಲ. ಅಣ್ಣನಿಗೆ ಆ ಕೊರಗು ಇತ್ತು. ಹೆಂಡತಿಯ ಎದುರು ಒಪ್ಪಿಕೊಳ್ಳುತ್ತಿರಲಿಲ್ಲ, ಅಷ್ಟೆ.

ಆ ಕೊರಗಿನ ವಾಸನೆ ಹಿಡಿದವರು ಹೊಸ ಅಧ್ಯಕ್ಷರು. ಸೋಫಾ ಅಂಗಡಿ ಇಟ್ಟವರು, ಮಾತೂ ಸೋಫಾದ ಹಾಗೆಯೇ, ಕೂತವರು ಏಳುವುದು ಕಷ್ಟ. ಬಂದವರೇ ಅಂಗೈಯಲ್ಲಿ ಅರಮನೆ ತೋರಿಸತೊಡಗಿದರು. ಆಟಗಾರರಿಗೆ ಸ್ವಂತ ಬಸ್ಸು ಬಂತು, ಅದರ ಮೈತುಂಬ ಕ್ಲಬ್ಬಿನ ಲಾಂಛನ. ಹಲಗೆ ಮುರಿದ ಗ್ಯಾಲರಿಯ ನೆತ್ತಿಯ ಮೇಲೆ ಅತಿಥಿಗಳಿಗೆಂದು ಗಾಜಿನ ಕೋಣೆ ಬಂತು. ಅತಿಥಿಗಳು ಮಾತ್ರ ಬರಲಿಲ್ಲ. ಕಡೆಗೆ ಮೇಲಿನ ದರ್ಜೆಯಲ್ಲಿ ಆಡಿ ಹೆಸರು ಮಾಡಿದ ಒಬ್ಬ ಫಾರ್ವರ್ಡ್ ಬಂದ. ಊರು ಅವನಿಗೆ ಉದ್ದಕಾಲ ಎಂದು ಹೆಸರಿಟ್ಟಿತು. ಅವನೊಬ್ಬನ ಸಂಬಳ ಉಳಿದ ಇಡೀ ತಂಡದ ಸಂಬಳಕ್ಕಿಂತ ಹೆಚ್ಚು. ಖಜಾಂಚಿ ಒಮ್ಮೆ, ಒಂದೇ ಒಂದು ಸಲ, ಬಾಯಿ ಬಿಟ್ಟ.

“ಟಿಕೆಟ್ಟಿನ ದುಡ್ಡೆಲ್ಲ ಸೇರಿಸಿದ್ರೂ ಇವನ ಅರ್ಧ ಸಂಬಳ ಆಗಲ್ಲ ಸಾರ್.”

“ನೀವು ಟ್ಯೂಬಿಗೆ ತೇಪೆ ಹಾಕೋ ಹಾಗೆ ಕ್ಲಬ್ಬು ನಡೆಸ್ತೀರಿ,” ಎಂದು ಅಧ್ಯಕ್ಷರು ನಕ್ಕು ಹೆಗಲ ಮೇಲೆ ಕೈ ಹಾಕಿದರು. “ಮೇಲಿನ ದರ್ಜೆಗೆ ಒಂದ್ಸಲ ಏರಿಬಿಟ್ರೆ ದುಡ್ಡು ನಮ್ಮನ್ನೇ ಹುಡುಕ್ಕೊಂಡು ಬರುತ್ತೆ. ಅಂದ ಹಾಗೆ, ಈ ವರ್ಷ ತಂಡಕ್ಕೆ ಕ್ಯಾಪ್ಟನ್ ಯಾರು ಗೊತ್ತಾ? ನಿಮ್ಮ ತಮ್ಮ.”

ಜಿಪುಣ ಕರಗಿದ್ದು ಅಲ್ಲಿ. ಬ್ಯಾಂಕಿನವರು ಸಾಲಕ್ಕೆ ಜಾಮೀನು ಕೇಳಿದಾಗ ಅಧ್ಯಕ್ಷರ ಸೋಫಾ ಅಂಗಡಿ ಆಗಲೇ ಬೇರೆ ಕಡೆ ಅಡಮಾನವಾಗಿತ್ತು. ಟೈರು ಅಂಗಡಿಯ ಪತ್ರ, ಮೇಲಿನ ಮನೆಯ ಸಮೇತ, ಬ್ಯಾಂಕಿಗೆ ಹೋಯಿತು. ಹೆಂಡತಿಗೆ ಅವನು ಹೇಳಲಿಲ್ಲ. ಒಂದು ಕಾಸು ಬಿಚ್ಚಲು ಹತ್ತು ಸಲ ಯೋಚಿಸುವ ಮನುಷ್ಯ ತಮ್ಮನ ತೋಳಿನ ಕ್ಯಾಪ್ಟನ್ ಪಟ್ಟಿಗಾಗಿ ಸೂರನ್ನೇ ಎತ್ತಿಕೊಟ್ಟ.

ಇದಕ್ಕಿಂತ ದೊಡ್ಡ ಎಡವಟ್ಟು ಆಮೇಲಿನದು. ಸಂಬಳ ತಡವಾಗುತ್ತಿದೆ ಎಂದು ಆಟಗಾರರು ಗೊಣಗತೊಡಗಿದಾಗ ಅಧ್ಯಕ್ಷರು ಸಭೆ ಕರೆದು, ತಂಡ ಮೇಲಿನ ದರ್ಜೆಗೆ ಏರಿದರೆ ಪ್ರತಿಯೊಬ್ಬರಿಗೂ ಒಂದು ವರ್ಷದ ಸಂಬಳ ಬಹುಮಾನ ಎಂದು ಘೋಷಿಸಿದರು. ಬರೆದುಕೊಡಿ ಎಂದ ಉದ್ದಕಾಲ. ಆಗ ತಂಡ ಪಟ್ಟಿಯಲ್ಲಿ ಕೆಳಗಿನಿಂದ ಎರಡನೆಯದು. ಖಜಾಂಚಿಗೆ ನಗು ತಡೆಯಲಾಗಲಿಲ್ಲ. ಕೊಡಬೇಕಾಗಿಯೇ ಬರದ ದುಡ್ಡಿಗೆ ಸಹಿ ಹಾಕಲು ಏನು ಕಷ್ಟ? ಜಿಪುಣನಿಗೆ ಬಿಟ್ಟಿಯಾಗಿ ಧಾರಾಳಿಯಾಗುವ ಅವಕಾಶ. ಅಧ್ಯಕ್ಷರ ಹೆಸರಿನ ಕೆಳಗೆ ತನ್ನದನ್ನೂ ಗೀಚಿ, ಎಲ್ಲರ ಜೊತೆ ಕೈ ಕುಲುಕಿ ಬಂದ.

ಆಮೇಲೆ ತಂಡ ಗೆಲ್ಲತೊಡಗಿತು.

ಮೊದಲ ಕೆಲವು ಗೆಲುವಿಗೆ ಅವನೂ ಕುಣಿದ. ಉದ್ದಕಾಲ ಮುಂದೆ ಗೋಲು ಹೊಡೆಯುತ್ತಿದ್ದ, ತಮ್ಮ ಹಿಂದೆ ಹಿಡಿಯುತ್ತಿದ್ದ. ಪಟ್ಟಿಯಲ್ಲಿ ತಂಡ ಮಧ್ಯಕ್ಕೆ ಬಂದಾಗ ಖಜಾಂಚಿಯ ನಗು ಸಣ್ಣಗಾಯಿತು. ಮೇಲಿನ ಸಾಲಿಗೆ ಬಂದಾಗ ಸಹಿ ಹಾಕಿದ ಕಾಗದ ಹೊರತೆಗೆದು ಬಹುಮಾನದ ಮೊತ್ತ ಕೂಡಿಸಿ ನೋಡಿದ. ಬ್ಯಾಂಕಿನ ಮ್ಯಾನೇಜರು ಕರೆಸಿ, ಬಾಗಿಲು ಹಾಕಿಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು: “ಈ ವರ್ಷಕ್ಕೆ ಆ ದೊಡ್ಡ ಆಟಗಾರನ ಕರಾರು ಮುಗಿಯುತ್ತೆ. ಅವನನ್ನ ಕಳಿಸಿ, ಬಸ್ಸು ಮಾರಿ, ನಿಧಾನಕ್ಕೆ ತೀರಿಸಿ. ನಾನು ಕಾಯ್ತೀನಿ. ಆದ್ರೆ ಮೇಲಿನ ದರ್ಜೆಗೆ ಹೋದ್ರೆ ಆ ಬಹುಮಾನ ಕೊಡ್ಬೇಕು, ದೀಪದ ಕಂಬ ಹಾಕಿಸ್ಬೇಕು, ಕುರ್ಚಿ ಹಾಕಿಸ್ಬೇಕು. ನಿಮ್ಮ ಕ್ಲಬ್ಬಿನ ಕೈಲಿ ಆಗಲ್ಲ. ಆಗ ನನ್ನ ಕೈಲೂ ಕಾಯೋಕಾಗಲ್ಲ. ನಿಮ್ಮ ಅಂಗಡಿಗೇ ಬರ್ಬೇಕಾಗುತ್ತೆ.”

ಅಧ್ಯಕ್ಷರ ಹತ್ತಿರ ಓಡಿದ. ಅವರು ಗಾಜಿನ ಕೋಣೆಗೆ ಹೊಸ ಪರದೆ ಆರಿಸುತ್ತಿದ್ದರು. “ಗೆಲ್ತಾ ಇರೋವಾಗ ಅಪಶಕುನ ನುಡೀಬೇಡಿ,” ಎಂದರು.

ಕೊನೆಯ ಪಂದ್ಯದ ವಾರ ಒಬ್ಬ ಮನುಷ್ಯ ಟೈರು ಅಂಗಡಿಗೆ ಬಂದು ಟೇಪು ಹಿಡಿದು ಷಟರಿನ ಅಗಲ ಅಳೆಯತೊಡಗಿದ. ಗಲ್ಲಾದಲ್ಲಿ ಕೂತಿದ್ದ ಖಜಾಂಚಿಯ ಹೆಂಡತಿ ಯಾಕೆಂದು ಕೇಳಿದಳು. ಬ್ಯಾಂಕಿನಿಂದ, ಅಂಗಡಿಗೆ ಬೆಲೆ ಕಟ್ಟಲು ಎಂದ ಅವನು. ಆ ಒಂದು ಮಾತಿನ ಹಿಂದೆ ಎಲ್ಲವೂ ಹೊರಬಿತ್ತು. ಅವಳು ಅಳಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು ಎನಿಸಿತು ಅವನಿಗೆ.

“ಡ್ರಾ ಆದ್ರೂ ಮೇಲೆ ಹೋಗ್ತೀವಿ. ಸೋತ್ರೆ ಮಾತ್ರ ಉಳೀತೀವಿ,” ಎಂದ, ನೆಲ ನೋಡುತ್ತ.

“ಹಾಗಾದ್ರೆ ಸೋಲಿ,” ಎಂದಳು ಅವಳು. “ಸೋಲೋದೇನು ಅಷ್ಟು ಕಷ್ಟನಾ? ನಾನು ಮದುವೆಯಾಗಿ ಬಂದಾಗಿನಿಂದ ಸೋತ್ಕೊಂಡೇ ಬಂದ್ರಲ್ಲ. ಇದೊಂದ್ಸಲ ಆಗಲ್ವಾ?”

ಅವಳು ಹೊಟ್ಟೆ ಉರಿದು ಆಡಿದ ಮಾತು ಅದು. ಆದರೆ ಮಾತು ಅವನ ತಲೆಯಲ್ಲಿ ಬೇರು ಬಿಟ್ಟಿತು. ಸೋಲಿಸುವ ಶಕ್ತಿ ಇರುವ ಎರಡು ಕೈ ಅವನ ಅಂಗಡಿಯಲ್ಲೇ ದಿನವೂ ಟೈರು ಬಿಚ್ಚುತ್ತಿದ್ದವು.

ಪಂದ್ಯದ ದಿನ ಬೆಳಿಗ್ಗೆ ತಮ್ಮ ಎಂದಿನಂತೆ ಕೆಲಸಕ್ಕೆ ಬಂದಿದ್ದ. ನೀರಿನ ತೊಟ್ಟಿಯಲ್ಲಿ ಟ್ಯೂಬು ಮುಳುಗಿಸಿ, ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಿದ್ದ. ಅವನಿಗೆ ಕ್ಲಬ್ಬಿನಿಂದ ಸಂಬಳ ಬಂದು ತಿಂಗಳುಗಳಾಗಿದ್ದವು. ಮನೆಯವನೇ ತಾನೇ, ಕಾಯುತ್ತಾನೆ ಎಂದು ಅಣ್ಣನೇ ತಡೆಹಿಡಿದು ಉದ್ದಕಾಲನಿಗೆ ಕೊಟ್ಟಿದ್ದ. ಅದನ್ನೂ ತಮ್ಮ ಕೇಳಿದವನಲ್ಲ.

ಖಜಾಂಚಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದ. ಪತ್ರ, ಜಾಮೀನು, ಟೇಪು ಹಿಡಿದ ಮನುಷ್ಯ.

“ಅತ್ತಿಗೆಗೆ ಗೊತ್ತಾ?” ಎಂದು ಕೇಳಿದ ತಮ್ಮ.

“ಗೊತ್ತಾಯ್ತು.”

ತಮ್ಮ ಟ್ಯೂಬನ್ನು ನೀರಿನಲ್ಲಿ ಇನ್ನೊಂದು ಸುತ್ತು ತಿರುಗಿಸಿದ. “ಹಾಗಾದ್ರೆ, ಗೋಲು ಬಿಡು ಅಂತೀಯಾ?”

ಖಜಾಂಚಿ ತೊಟ್ಟಿಯ ನೀರನ್ನೇ ನೋಡಿದ. “ಬರೋ ಬಾಲು ಬಂದ್ರೆ... ಬರ್ಲಿ ಅಂತ. ಅಷ್ಟೇ ಕಣೋ.”

“ನನ್ನ ಕೊನೇ ಪಂದ್ಯ ಅಣ್ಣ ಇದು.”

“ಗೊತ್ತು.”

ನೀರಿನಲ್ಲಿ ಗುಳ್ಳೆ ಎದ್ದಿತು. ತಮ್ಮ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ಟ್ಯೂಬು ಒರೆಸಿ, ಎದ್ದು ನಿಂತ. “ಸರಿ ಅಣ್ಣ,” ಎಂದ. ಒಂದು ಬಯ್ಗುಳ ಬೈದಿದ್ದರೆ, ಕೈಲಿದ್ದದ್ದನ್ನು ಎತ್ತಿ ಎಸೆದಿದ್ದರೆ ಖಜಾಂಚಿ ತಡೆದುಕೊಳ್ಳುತ್ತಿದ್ದ. ಆ ಸರಿ ಎನ್ನುವುದನ್ನು ತಡೆದುಕೊಳ್ಳಲಾಗಲಿಲ್ಲ. ಹಿಂದಿನ ಕೋಣೆಗೆ ಹೋಗಿ ಹಳೆ ಟೈರುಗಳ ನಡುವೆ ಬಾಯಿಗೆ ತೋಳು ಅಡ್ಡ ಹಿಡಿದು ನಿಂತ.

ಮೈದಾನ ಅಷ್ಟು ತುಂಬಿದ್ದನ್ನು ಯಾರೂ ಕಂಡಿರಲಿಲ್ಲ. ಜನ ಗೋಡೆ ಹತ್ತಿ ಕೂತಿದ್ದರು. ಇಷ್ಟು ಟಿಕೆಟ್ಟು ಪ್ರತಿ ವಾರ ಹರಿದಿದ್ದರೆ ಎಂದು ಖಜಾಂಚಿಯ ಹಳೆಯ ಬುದ್ಧಿ ಒಮ್ಮೆ ತಲೆ ಎತ್ತಿತು, ಮತ್ತೆ ಮಲಗಿತು. ಗಾಜಿನ ಕೋಣೆಗೆ ಬರುವಂತೆ ಅಧ್ಯಕ್ಷರು ಕರೆದರೂ ಹೋಗದೆ, ತಮ್ಮನ ಗೋಲಿನ ಹಿಂದಿನ ಹಲಗೆಯ ಮೇಲೆ ಕೂತ. ಅಷ್ಟು ಜನರ ನಡುವೆ ಊರಿನ ತಂಡ ಸೋಲಲಿ ಎಂದು ಬೇಡಿಕೊಳ್ಳುತ್ತಿದ್ದವನು ಅವನೊಬ್ಬನೇ.

ಬೇಡಿಕೆ ಯಾರ ಕಿವಿಗೂ ಬಿದ್ದಂತೆ ಕಾಣಲಿಲ್ಲ. ಉದ್ದಕಾಲ ಗೋಲು ಹೊಡೆಯಲಿಲ್ಲ, ನಿಜ. ಆದರೆ ಎದುರಾಳಿಗಳೂ ದರಿದ್ರದವರು, ಗೋಲಿನ ಹತ್ತಿರ ಬಂದು ಆಕಾಶಕ್ಕೆ ಒದೆಯುತ್ತಿದ್ದರು. ಬಿಡಬೇಕೆಂದರೂ ತಮ್ಮನ ಕಡೆ ಬಿಡುವಂಥ ಚೆಂಡೇ ಬರಲಿಲ್ಲ. ಆಟ ಮುಗಿಯುತ್ತ ಬಂತು, ಒಂದು ಗೋಲೂ ಇಲ್ಲ. ಹೀಗೇ ಮುಗಿದರೆ ಡ್ರಾ. ಡ್ರಾ ಆದರೆ ಅಂಗಡಿ ಹೋಯಿತು. ಖಜಾಂಚಿ ತಲೆಯ ಮೇಲೆ ಕೈಹೊತ್ತು ಕೂತ.

ಆಗ ರೆಫರಿ ಸೀಟಿ ಊದಿದ. ಊರಿನ ಆಟಗಾರನೊಬ್ಬನ ಕೈಗೆ ಚೆಂಡು ತಗುಲಿತ್ತು. ಪೆನಾಲ್ಟಿ.

ಇಡೀ ಮೈದಾನ ಅಯ್ಯೋ ಎಂದಿತು. ಖಜಾಂಚಿಗೆ ಮಾತ್ರ ಹೋದ ಜೀವ ಬಂದಂತಾಯಿತು. ಇನ್ನೇನು ಬೇಕು? ಪೆನಾಲ್ಟಿ ಬಿಟ್ಟ ಗೋಲ್‌ಕೀಪರನನ್ನು ಯಾರೂ ಬಯ್ಯುವುದಿಲ್ಲ, ಯಾರಿಗೂ ಅನುಮಾನ ಬರುವುದಿಲ್ಲ. ತಮ್ಮನ ಮರ್ಯಾದೆಯೂ ಉಳಿಯಿತು, ಸೂರೂ ಉಳಿಯಿತು. ಗೋಲಿನ ಗೆರೆಯ ಮೇಲೆ ನಿಂತ ತಮ್ಮ ಒಮ್ಮೆ ಹಿಂದಿರುಗಿ ಅಣ್ಣ ಎಲ್ಲಿದ್ದಾನೆಂದು ಹುಡುಕಿದ. ಬಿಡು ಎನ್ನುವಂತೆ ಖಜಾಂಚಿ ತಲೆಯಾಡಿಸಿದ. ತಮ್ಮ ಮುಂದಕ್ಕೆ ತಿರುಗಿ, ಕೈ ಕೆಳಗೆ ಬಿಟ್ಟು, ಕಂಬದ ಹಾಗೆ ನಿಂತ.

ಎದುರಾಳಿ ಓಡಿಬಂದು ಒದ್ದ. ಚೆಂಡು ಬಲಗಡೆ ಮೂಲೆಗೆ, ಕಂಬದ ಒಳಮಗ್ಗುಲಿಗೆ ಹೊರಟಿತು. ಅಂಥ ಚೆಂಡನ್ನು ಮೇಲಿನ ದರ್ಜೆಯವರೂ ಹಿಡಿಯುವುದಿಲ್ಲ. ಅರೆಕ್ಷಣ ತಮ್ಮ ನಿಂತೇ ಇದ್ದ. ಆಮೇಲೆ ಏನಾಯಿತೋ, ನಿಂತಲ್ಲಿಂದ ಆ ಭಾರದ ಮೈ ಗಾಳಿಯಲ್ಲಿ ಅಡ್ಡಡ್ಡ ಹೋಗಿ, ತುದಿಬೆರಳು ಚೆಂಡಿಗೆ ತಾಗಿ, ಚೆಂಡು ಕಂಬ ಸವರಿಕೊಂಡು ಹೊರಗೆ ಬಿತ್ತು.

ಮೈದಾನ ಬಿರಿಯಿತು. ಆ ಗದ್ದಲದಲ್ಲಿ ಖಜಾಂಚಿಯ ಕಿವಿಯ ಪಕ್ಕದಲ್ಲೇ ಯಾರೋ ಹುಚ್ಚು ಹಿಡಿದವರಂತೆ ಕಿರುಚುತ್ತಿದ್ದರು. ಹಲಗೆಯ ಮೇಲೆ ಹತ್ತಿ, ಎರಡೂ ಕೈ ಎತ್ತಿ, “ನನ್ನ ತಮ್ಮ! ನನ್ನ ತಮ್ಮ!” ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದವನು ತಾನೇ ಎಂದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೂ ನಿಲ್ಲಿಸಲಾಗಲಿಲ್ಲ.

ಪಂದ್ಯ ಒಂದು ಗೋಲೂ ಇಲ್ಲದೆ ಡ್ರಾ ಆಗಿ ಮುಗಿದ ಮೇಲೆ, ಬಟ್ಟೆ ಬದಲಾಯಿಸುವ ಕೋಣೆಯ ಹೊರಗೆ, ಓಣಿಯ ಬೆಂಚಿನ ಮೇಲೆ ತಮ್ಮ ಒಬ್ಬನೇ ಕೂತಿದ್ದ. ಒಳಗೆ ಅಧ್ಯಕ್ಷರು ಕುಣಿಯುತ್ತಿರುವುದು ಕೇಳುತ್ತಿತ್ತು. ಅಣ್ಣನನ್ನು ನೋಡಿ ತಮ್ಮ ಏಳಲಿಲ್ಲ. ಗ್ಲೌಸು ಇನ್ನೂ ಕೈಯಲ್ಲೇ ಇದ್ದವು.

“ಅಲ್ಲಾಡಬಾರ್ದು ಅಂತಲೇ ನಿಂತಿದ್ದೆ ಅಣ್ಣ. ನಿನ್ನಾಣೆ.” ಅವನು ಅಂಗೈಗಳನ್ನು ಎತ್ತಿ ನೋಡಿಕೊಂಡ. “ಕೈ ಕೇಳ್ಲಿಲ್ಲ.”

ಖಜಾಂಚಿ ಏನೋ ಹೇಳಲು ಬಾಯಿ ತೆರೆದ. ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು, ಗಾಳಿ ಮಾತ್ರ ಬಂತು. ತಮ್ಮನ ಪಕ್ಕದಲ್ಲಿ ಕೂತು, ಒಂದೊಂದೇ ಬೆರಳು ಎಳೆದು ಅವನ ಗ್ಲೌಸು ಬಿಚ್ಚಿದ.

ಅಂಗಡಿ ಹೋಗುವುದಕ್ಕೆ ಹೆಚ್ಚು ದಿನ ಹಿಡಿಯಲಿಲ್ಲ. ಅದರ ಹಿಂದೆಯೇ, ಮೇಲಿನ ದರ್ಜೆಯಲ್ಲಿ ಅರ್ಧ ವರ್ಷವೂ ಆಡದೆ, ಕ್ಲಬ್ಬೂ ಹೋಯಿತು. ಆದರೆ ಅದೆಲ್ಲ ಆಮೇಲಿನ ಮಾತು. ಆ ಸಂಜೆ ಖಜಾಂಚಿ ಮನೆಗೆ ಬಂದಾಗ ಹೆಂಡತಿ ಗಲ್ಲಾದಲ್ಲೇ ಕೂತಿದ್ದಳು. ಮೈದಾನದ ಆರ್ಭಟ ಅಲ್ಲಿಯವರೆಗೂ ಕೇಳಿಸಿತ್ತು, ಯಾರೂ ಹೇಳಬೇಕಾಗಿರಲಿಲ್ಲ. ಅವನು “ಹೋಯ್ತು” ಎನ್ನಲು ನೋಡಿದ. ಟ್ಯೂಬಿನಿಂದ ಗಾಳಿ ಹೋದಂಥ ಸದ್ದು ಬಂತು. ಅವಳು ಅವನ ಮುಖವನ್ನೇ ನೋಡಿದಳು.

“ಸೋಲಲಿ ಅಂತ ಹೋದವರ ಗಂಟಲು ಯಾಕ್ರೀ ಹೀಗಾಯ್ತು?”

ಅವನು ಮಾರಾಟಕ್ಕಿಟ್ಟ ಟೈರಿನ ಮೇಲೆ ಕುಸಿದು ಕೂತ. ಬಿದ್ದ ಗಂಟಲಿನಲ್ಲೇ, ಪಿಸುಗುಟ್ಟುತ್ತ, “ಮೂಲೆಗೆ ಹೋಗ್ತಿತ್ತು ಕಣೇ ಬಾಲು. ಯಾರ ಕೈಗೂ ಸಿಗೋದಲ್ಲ ಅದು. ನೀನು ನೋಡ್ಬೇಕಿತ್ತು,” ಎಂದು ತೋರುಬೆರಳಿನಿಂದ ಗಾಳಿಯಲ್ಲಿ ಚೆಂಡಿನ ದಾರಿ ಎಳೆದು ತೋರಿಸಿದ. ತೋರಿಸುತ್ತಿದ್ದವನು ಹಾಗೆಯೇ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಹೆಂಡತಿ ಎದ್ದು, ರಸ್ತೆಯವರಿಗೆ ಕಾಣದಿರಲೆಂದು, ಹಳೆಯ ಚೆಂಡಿನ ಏಟುಗಳಿಗೆ ತಗ್ಗು ಬಿದ್ದಿದ್ದ ಆ ಷಟರನ್ನು ಕೆಳಗೆಳೆದಳು.