ಪಟ್ಟಿಯಲ್ಲಿ ಬಿಟ್ಟ ಸಾಲು

ನನ್ನ ಫೋನು ಮೇಲೋ ಗೆಳೆಯನ ಫೋನು ಮೇಲೋ ಎಂಬ ಜಗಳದಲ್ಲಿ ನಾವಿಬ್ಬರೂ ಒಂದಿಡೀ ಬೇಸಿಗೆ ಕಳೆದೆವು. ಎರಡು ಸಾವಿರದ ಮೊದಲ ದಶಕ ಮುಗಿಯುತ್ತ ಬಂದಿತ್ತು. ಇಬ್ಬರಿಗೂ ಮೂವತ್ತು ದಾಟಿತ್ತು, ಬುದ್ಧಿ ಮಾತ್ರ ಇನ್ನೂ ಬಂದಿರಲಿಲ್ಲ. ನನಗೆ ಕಾಲೇಜೊಂದರ ಭೌತಶಾಸ್ತ್ರ ಲ್ಯಾಬಿನಲ್ಲಿ ಕೆಲಸ, ಅವನಿಗೆ ಚಾಮರಾಜಪೇಟೆಯ ಪ್ರೆಸ್ಸಿನಲ್ಲಿ ಪುಟ ಕೂಡಿಸುವ ಕೆಲಸ. ಯಾರು ಬೇಕಾದರೂ ಬಿಚ್ಚಿ ತಿದ್ದಬಹುದಾದ ಲಿನಕ್ಸ್ ಎಂಬ ತಂತ್ರಾಂಶದ ಹುಚ್ಚು ಹತ್ತಿದ ಏಳೆಂಟು ಜನ ಭಾನುವಾರ ಬೆಳಿಗ್ಗೆ ಗಾಂಧಿ ಬಜಾರಿನ ದರ್ಶಿನಿಯೊಂದರ ಮುಂದೆ ನಿಂತುಕೊಂಡೇ ಕಾಫಿ ಕುಡಿಯುತ್ತ ವಾದ ಮಾಡುತ್ತಿದ್ದೆವು.

ನನ್ನದು ತೆಳ್ಳಗೆ, ಮುಂಭಾಗವೆಲ್ಲ ಗಾಜು, ಬೆರಳು ಸೋಕಿದರೆ ಸಾಕು. ಅವನದು ಅರ್ಧ ಇಟ್ಟಿಗೆಯಷ್ಟು ದಪ್ಪ. ಪರದೆಯನ್ನು ಉಗುರಿನಿಂದ ಒತ್ತಬೇಕು, ಪಕ್ಕಕ್ಕೆ ಜಾರಿಸಿದರೆ ಕೆಳಗಿನಿಂದ ಪುಟ್ಟ ಕೀಲಿಮಣೆ ಬರುತ್ತದೆ. ಸಂಜೆಯ ಹೊತ್ತಿಗೆ ಅವನ ಬ್ಯಾಟರಿ ಖಾಲಿ, ನನ್ನದು ರಾತ್ರಿ ಮಲಗುವವರೆಗೂ ಬರುತ್ತಿತ್ತು. ಆದರೆ ಅವನ ಫೋನಿಗೆ ಮನೆಯ ಕಂಪ್ಯೂಟರಿನಂತೆಯೇ ಬೇಕಾದ ತಂತ್ರಾಂಶ ಹಾಕಿಕೊಳ್ಳಬಹುದಿತ್ತು. ನನ್ನದರಲ್ಲಿ ಕಂಪನಿ ಬಿಟ್ಟಷ್ಟೇ ಬಾಗಿಲು. "ನಿಂದು ಲಿನಕ್ಸೇ ಅಲ್ಲ ಗುರು. ಒಳಗೆ ಲಿನಕ್ಸ್ ಕೂರಿಸಿ ಹೊರಗಡೆಯಿಂದ ಬೀಗ ಹಾಕಿದಾರೆ," ಎಂದು ಅವನು ಎಲ್ಲರೆದುರು ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಗಿತ್ತು.

ಕೊನೆಗೆ ಗುಂಪಿನವರು ಎರಡನ್ನೂ ಹೋಲಿಸಿ ಒಂದು ಪಟ್ಟಿ ಮಾಡಿ ಎಲ್ಲರಿಗೂ ಈಮೇಲ್ ಕಳಿಸಬೇಕೆಂದರು. ಅಕ್ಷರ ಚೆನ್ನಾಗಿದೆಯೆಂದು ಕಾಗದ ಪೆನ್ನು ನನ್ನ ಕೈಗೆ ಬಂತು. ಪ್ರೊಸೆಸರು, ಮೆಮೊರಿ, ಕ್ಯಾಮೆರಾ, ತೂಕ, ಹೀಗೆ ಸಾಲು ಸಾಲಾಗಿ ಬರೆದೆವು. ಕನ್ನಡದ ಸಾಲಿನಲ್ಲಿ ನಾನು ಸೋತೆ. ಅವನದರಲ್ಲಿ ಒತ್ತಕ್ಷರಗಳೂ ಸರಿಯಾಗಿ ಮೂಡುತ್ತಿದ್ದವು, ನನ್ನದರಲ್ಲಿ ಬರೀ ಚೌಕಗಳು. ಮುಖ ಸಿಂಡರಿಸಿಕೊಂಡು ಬರೆದುಕೊಂಡೆ. ಆಗ ಅವನು ಇನ್ನೊಂದು ತೋರಿಸುತ್ತೇನೆಂದು ಏನನ್ನೋ ಟೈಪ್ ಮಾಡಿ ಗುಂಡಿ ಒತ್ತಿದ. ಫೋನು ಮೂಗಿನಿಂದ, ಏರಿಳಿತವಿಲ್ಲದ ದನಿಯಲ್ಲಿ, "ಎರಡು ಕಾಫಿ ಕೊಡಿ" ಎಂದಿತು. ಬರೆದ ಕನ್ನಡವನ್ನು ಓದಿ ಹೇಳುವ ತಂತ್ರಾಂಶವಂತೆ. ರೈಲ್ವೆ ಸ್ಟೇಷನ್ನಿನಲ್ಲಿ ಕೂಗಿದ ಹಾಗಿದೆ, ಇದೊಂದು ಆಟಿಕೆ ಎಂದು ನಾನು ನಕ್ಕೆ. ಉಳಿದವರೂ ನಕ್ಕರು. ಆ ಸಾಲನ್ನು ಪಟ್ಟಿಗೆ ಸೇರಿಸಲಿಲ್ಲ. ಅವನೂ ಒತ್ತಾಯ ಮಾಡಲಿಲ್ಲ.

ಆಗಲೇ ನನಗೆ ಅಕ್ಕನ ನೆನಪಾಗಿತ್ತು. ಸುಳ್ಳು ಹೇಳಿ ಈಗ ಏನಾಗಬೇಕಿದೆ.

ಅದಕ್ಕೆ ಎಂಟು ತಿಂಗಳ ಹಿಂದೆ ಗಂಟಲಿನ ಆಪರೇಷನ್ ಆಗಿ ಅಕ್ಕನ ದನಿ ಹೊರಟುಹೋಗಿತ್ತು. ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವಳು, ಗವಿಪುರದಲ್ಲಿ ಅವಳ ಮನೆ. ಏನು ಹೇಳಬೇಕಾದರೂ ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತಿದ್ದಳು. ನನ್ನ ಮಗಳು ಹುಟ್ಟಿದಾಗ ಅವಳು ಬರೆದದ್ದು ಒಂದೇ ಮಾತು: ಹೆಸರು ಯಾರು ಹೇಳ್ತಾರೆ? ನಮ್ಮಲ್ಲಿ ತೊಟ್ಟಿಲ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ನನಗಿರುವವಳು ಒಬ್ಬಳೇ ಅಕ್ಕ. ಸಂಬಂಧದಲ್ಲಿ ತಂಗಿಯಾಗಬೇಕಾದ ಒಬ್ಬಳ ಕೈಲಿ ಹೇಳಿಸೋಣವೆಂದೆ. ಅಕ್ಕ ಆಗಲಿ ಎಂಬಂತೆ ತಲೆಯಾಡಿಸಿ ನೋಟ್‌ಬುಕ್ ಮುಚ್ಚಿದಳು.

ದರ್ಶಿನಿಯಿಂದ ಮನೆಗೆ ನಡೆಯುತ್ತ, ಆ ಫೋನನ್ನು ಒಂದು ದಿನಕ್ಕೆ ಕೇಳಿದರೆ ಹೇಗೆ ಎಂದುಕೊಂಡೆ. ಕೇಳಿದರೆ ಅವನ ಫೋನೇ ಮೇಲೆಂದು ಒಪ್ಪಿಕೊಂಡಂತೆ. ಮುಂದಿನ ಭಾನುವಾರವೆಲ್ಲ ಅದೇ ಮಾತಾಗುತ್ತದೆ. ನಾಮಕರಣಕ್ಕೆ ಇನ್ನೂ ಎರಡು ವಾರವಿದೆ, ನೋಡೋಣ ಎಂದುಕೊಂಡು ಸುಮ್ಮನಾದೆ. ಮನೆಗೆ ಬಂದು ಪಟ್ಟಿಯನ್ನು ಎಲ್ಲರಿಗೂ ಕಳಿಸಿದೆ. ಎರಡು ವಾರ ಹೇಗೋ ಕಳೆಯಿತು.

ನಾಮಕರಣದ ದಿನ ಗೆಳೆಯನೂ ಬಂದ. ತೊಟ್ಟಿಲ ಹತ್ತಿರ ಆ ಸಂಬಂಧದ ತಂಗಿ ಕೂತಿದ್ದಳು. ಅಕ್ಕ ಹೊಸ ಸೀರೆ ಉಟ್ಟು ಗೋಡೆಗೆ ಒರಗಿ ನಿಂತಿದ್ದಳು. ಸ್ವಂತ ಸೋದರತ್ತೆ ಯಾಕೆ ಅಷ್ಟು ದೂರ ಎಂದು ಅವನು ನನ್ನ ಹೆಂಡತಿಯನ್ನು ಕೇಳಿದನಂತೆ. ಅಕ್ಕನಿಗೆ ದನಿಯಿಲ್ಲವೆಂಬುದು ಅವನಿಗೆ ಗೊತ್ತಾದದ್ದೇ ಆಗ. ನಾನು ಗುಂಪಿನಲ್ಲಿ ಮನೆಯ ವಿಷಯ ಆಡಿದವನಲ್ಲ. ಅವನು ನೇರ ಅಕ್ಕನ ಬಳಿ ಹೋಗಿ ಫೋನು ಜಾರಿಸಿ ತೆರೆದು, ಇಂಗ್ಲಿಷ್ ಕೀಲಿಯಲ್ಲಿ ಹೊಡೆದರೆ ಕನ್ನಡ ಬರುವುದನ್ನು ತೋರಿಸಿಕೊಟ್ಟ. ಟೈಪಿಸ್ಟಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಆಮೇಲೆ ಅವನು ನನ್ನ ಕಡೆ ತಿರುಗಿ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಹೇಳಿದ:

"ಎರಡು ವಾರದ ಹಿಂದೇನೇ ತೋರಿಸಿದ್ನಲ್ಲ ಮಗಾ, ಒಂದು ಮಾತು ಹೇಳ್ಬಾರ್ದಿತ್ತಾ?"

ಅಕ್ಕ ನನ್ನನ್ನು ನೋಡಿದಳು. ಆಮೇಲೆ ತಲೆ ತಗ್ಗಿಸಿ ಎರಡು ಹೆಬ್ಬೆರಳುಗಳಲ್ಲಿ ನಿಧಾನವಾಗಿ ಹೊಡೆದು ಗುಂಡಿ ಒತ್ತಿದಳು. ಎಂಟು ತಿಂಗಳ ನಂತರ ಅವಳು ಆಡಿದ ಮೊದಲ ಮಾತು, ನಾನು ನಕ್ಕಿದ್ದ ಅದೇ ಮೂಗಿನ ದನಿಯಲ್ಲಿ, ತುಂಬಿದ ಮನೆಯಲ್ಲಿ ಕೇಳಿಸಿತು.

"ನಿನಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕ," ಎಂದೆ. ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಅವಳು ಫೋನು ಹಿಡಿದು ತೊಟ್ಟಿಲ ಕಡೆ ನಡೆದಳು. ತಂಗಿ ಎದ್ದು ಜಾಗ ಬಿಟ್ಟಳು. ಅಕ್ಕ ಕೂತು, ಹೆಸರು ಹೊಡೆದು, ಫೋನಿನ ದನಿ ತಗ್ಗಿಸಿ, ಅದನ್ನು ಮಗುವಿನ ಕಿವಿಯ ಬಳಿ ಹಿಡಿದು ಮೂರು ಸಲ ಒತ್ತಿದಳು. ಮಗಳು ಮೂರನೆಯ ಸಲಕ್ಕೆ ಅತ್ತಳು. ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು.

ಆ ಸಂಜೆ ಪಟ್ಟಿಗೆ ಒಂದು ಸಾಲು ಸೇರಿಸಿ ಮತ್ತೆ ಎಲ್ಲರಿಗೂ ಕಳಿಸಿದೆ. ಕನ್ನಡ ಮಾತಾಡುತ್ತದೆಯೇ? ಅವನದು, ಹೌದು. ನನ್ನದು, ಇಲ್ಲ. ಮುಂದಿನ ಭಾನುವಾರ ಅವನು ಆ ಮಾತನ್ನೇ ಎತ್ತಲಿಲ್ಲ. ತನ್ನ ಹಳೆಯ ಫೋನೊಂದನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಆ ಇಟ್ಟಿಗೆಯನ್ನು ಅಕ್ಕನ ಕೈಯಲ್ಲೇ ಬಿಟ್ಟಿದ್ದ.

ಅಕ್ಕ ಅದರಲ್ಲಿ ತರಕಾರಿಯವಳ ಜೊತೆ ಚೌಕಾಸಿ ಮಾಡಿದಳು, ಬಸ್ ಕಂಡಕ್ಟರಿಗೆ ಸ್ಟಾಪ್ ಹೇಳಿದಳು, ನನ್ನ ಹೆಂಡತಿಗೆ ಬಾಣಂತಿ ಪಥ್ಯವೆಲ್ಲ ಹೇಳಿದಳು. ನನ್ನ ಜೊತೆ ಮಾತ್ರ ಒಂದು ವಾರ ಮಾತಾಡಲಿಲ್ಲ.